ಗಡಿಗೆಯ ಗುರುತು

ಮಧ್ಯಾಹ್ನ ಕೆಲಸ ಮುಗಿಸಿ ಒಂದು ಪತ್ತೇದಾರಿ ಕಾದಂಬರಿ ಹಿಡಿದು ಕುಳಿತರೆ, “ಇದೇನು, ಕಳ್ಳಕಾಕರ ಪುಸ್ತಕ ಓದ್ತೀಯಾ?” ಎಂದು ಮನೆಯಲ್ಲಿ ಯಾರಾದರೂ ಹಂಗಿಸುತ್ತಾರೆ, ಅಲ್ಲವೇ ಸಹೋದರಿಯರೇ? ಈ ಸಲ ನಾವೂ ನೀವೂ ಸೇರಿ ಅಂಥದೊಂದು ಕಥೆಯನ್ನೇ ಕಟ್ಟೋಣ. ಕೊಲೆ ಬೇಡ, ರಕ್ತ ಬೇಡ. ಒಂದು ಪುಸ್ತಕದಂಗಡಿ, ಕಾಣೆಯಾದ ಒಂದಿಷ್ಟು ದುಡ್ಡು, ಇಷ್ಟಿದ್ದರೆ ಸಾಕು.

ಊರು ವಿಜಯಪುರ ಜಿಲ್ಲೆಯ ಕೊಲ್ಹಾರ ಆಗಲಿ. ಕೃಷ್ಣೆಯ ದಂಡೆಯ ಊರು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಊರು ಮುಳುಗಿತು, ಜನ ಹೊಸ ಊರು ಕಟ್ಟಿಕೊಂಡರು. ಆದರೆ ಮೊಸರಿನ ಹೆಸರು ಮುಳುಗಲಿಲ್ಲ. ಗಡಿಗೆ ಬೋರಲು ಹಾಕಿದರೂ ಕೊಲ್ಹಾರದ ಮೊಸರು ಬೀಳುವುದಿಲ್ಲ ಎನ್ನುತ್ತಾರೆ. ಗುಟ್ಟು ಗಡಿಗೆಯಲ್ಲೂ ಇದೆ. ಮಣ್ಣು ಮೊಸರಿನ ನೀರನ್ನು ಹೀರಿಕೊಂಡು ಹೊರಗೆ ಬೆವರುತ್ತದೆ. ಒಳಗಿನ ಮೊಸರು ಗಟ್ಟಿಯಾಗಿ ತಂಪಾಗಿರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೂನ್ ತಿಂಗಳು, ಶಾಲೆ ಶುರುವಾಗುವ ಗಡಿಬಿಡಿ. ಅಂಗಡಿಯಲ್ಲಿ ಪಠ್ಯಪುಸ್ತಕ, ನೋಟ್‌ಬುಕ್ಕುಗಳ ರಾಶಿ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯೊಬ್ಬಳು ಕಾಲೇಜಿನ ಫೀ ಕೂಡಿಸಲೆಂದು ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸಕ್ಕೆ ಬರುತ್ತಾಳೆ. ಮಾಲೀಕರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಲೆಕ್ಕದ ಪುಸ್ತಕದ ಮೇಲಿಟ್ಟಿದ್ದ ಎರಡು ಸಾವಿರ ರೂಪಾಯಿಯ ಪಾಕೀಟು ಇಲ್ಲ!

“ಆಕಿ ಒಬ್ಬಾಕೇ ಇದ್ಲು. ಮತ್ಯಾರು ತಗೋತಾರ?” ಎಂದುಬಿಟ್ಟರು ಮಾಲೀಕರು. “ನಾ ಮುಟ್ಟಿಲ್ರೀ” ಎಂದು ಹುಡುಗಿ ಅತ್ತಳು. ಸಂಜೆಯೊಳಗೆ ಮಾತು ಓಣಿಯೆಲ್ಲಾ ತಿರುಗಿತು. ಸಣ್ಣ ಊರಿನಲ್ಲಿ ಹೆಣ್ಣುಮಗಳ ಮೇಲೆ ಇಂಥ ಹೆಸರು ಬಂದರೆ ಕೆಲಸವಷ್ಟೇ ಅಲ್ಲ, ಕಾಲೇಜೂ ಹೋಯಿತು, ಮುಂದಿನ ಬಾಳೂ ಕೆಟ್ಟಿತು ಎಂದೇ ಲೆಕ್ಕ.

ಮಾಲೀಕರ ಹೆಂಡತಿ ಅಂಗಡಿಗೆ ಬಂದರು. ಯಾರನ್ನೂ ಬೈಯಲಿಲ್ಲ. ಲೆಕ್ಕದ ಪುಸ್ತಕ ನೋಡಿದರು. ರಟ್ಟಿನ ಮೇಲೆ ದುಂಡಗೆ ಒಂದು ಕಲೆ. ಮೂಸಿದರೆ ಹುಳಿ ವಾಸನೆ.

“ಮುಂಜಾನೆ ತಗೊಂಡ ಮೊಸರಿನ ಗಡಿಗಿ ಎಲ್ಲಿ ಇಟ್ಟಿದ್ರಿ?”

“ಇಲ್ಲೇ, ಪುಸ್ತಕದ ಮ್ಯಾಲೆ. ಊಟಕ್ಕ ಬರೂಮುಂದ ಮನೀಗೆ ತಂದ್ನೆಲ್ಲ.”

ಆಕೆ ಮತ್ತೊಂದು ಮಾತಾಡದೆ ಮನೆಗೆ ನಡೆದರು. ಅಡುಗೆಮನೆಯಲ್ಲಿ ಸಿಂಬಿಯ ಮೇಲೆ ಕುಳಿತಿದ್ದ ಗಡಿಗೆ ಎತ್ತಿದರು. ಬೆವರಿದ ತಳಕ್ಕೆ ಪಾಕೀಟು ಅಂಟಿಕೊಂಡಿತ್ತು! ನೀವು ಮೊದಲೇ ಊಹಿಸಿದ್ದಿರಿ ತಾನೇ?

ಪೊಲೀಸರಿಗೆ ಹೊಳೆಯದ್ದು ಆಕೆಗೆ ಹೊಳೆಯಿತು ಎಂದು ನಾನು ಹೇಳುತ್ತಿಲ್ಲ. ಗಡಿಗೆ ಬೆವರುವುದು ದಿನಾ ಅದನ್ನು ಒರೆಸುವವರಿಗೆ ಗೊತ್ತು, ಅಷ್ಟೇ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಕೂಡ ಇಂಥವಳೇ. 1930ರಲ್ಲಿ ಮೊದಲ ಬಾರಿ ಕಾದಂಬರಿಯಲ್ಲಿ ಬಂದ ಈ ಅಜ್ಜಿ ಹಳ್ಳಿಯಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಾಳೆ, ನೆರೆಹೊರೆಯವರ ನಡವಳಿಕೆಯಿಂದಲೇ ಕೊಲೆಗಾರನನ್ನು ಹಿಡಿಯುತ್ತಾಳೆ. ನಮ್ಮ ಕನ್ನಡದಲ್ಲಿ ಎನ್. ನರಸಿಂಹಯ್ಯನವರು (1925–2011) ಓದಿದ್ದು ನಾಲ್ಕನೇ ಇಯತ್ತೆವರೆಗೆ ಮಾತ್ರ. ಆದರೆ ಪತ್ತೇದಾರ ಪುರುಷೋತ್ತಮನಂಥವರನ್ನು ಸೃಷ್ಟಿಸಿ, ನೂರಾರು ಕಾದಂಬರಿ ಬರೆದು, ಪುಸ್ತಕ ಮುಟ್ಟದವರ ಕೈಗೂ ಪುಸ್ತಕ ಕೊಟ್ಟರು.

ಅಂಥ ಪುಸ್ತಕಗಳಲ್ಲಿ ಎಲ್ಲರೂ ಮೊದಲು ಬೆರಳು ತೋರಿಸುವವನು ಕೊನೆಗೆ ನಿರಪರಾಧಿಯಾಗಿರುವುದೇ ಹೆಚ್ಚು. ನಮ್ಮ ಮನೆಯಲ್ಲಿ ಓಲೆಯೋ ದುಡ್ಡೋ ಕಾಣದಾದರೆ ಬೆರಳು ಹೋಗುವುದು ಯಾರ ಕಡೆಗೆ? ಕೆಲಸದವಳ ಕಡೆಗೆ, ಇಲ್ಲವೇ ಹೊಸದಾಗಿ ಬಂದ ಸೊಸೆಯ ಕಡೆಗೆ. ಹೆಸರು ಹೇಳುವ ಮೊದಲು ಬೆಳಗಿನಿಂದ ಆ ವಸ್ತು ಎಲ್ಲೆಲ್ಲಿ ಇತ್ತು, ಅದರ ಪಕ್ಕ ಏನಿತ್ತು, ಅದನ್ನು ನಾವೇ ಏನು ಮಾಡಿದೆವು ಎಂದು ಒಂದೊಂದಾಗಿ ನೆನೆಸಿಕೊಳ್ಳಿ. ಅವಸರದಲ್ಲಿ ಆಡಿದ ಮಾತನ್ನು ಪಾಕೀಟಿನ ಹಾಗೆ ಹುಡುಕಿ ತರಲಾಗದು.

ನಮ್ಮ ಕಥೆ ಇನ್ನೂ ಮುಗಿದಿಲ್ಲ. ದುಡ್ಡು ಸಿಕ್ಕ ಮೇಲೆ ಮಾಲೀಕರು ಹುಡುಗಿಗೆ, “ಆತು ಬಿಡವಾ, ಮರತ ಬಿಡು” ಎಂದರು. ಹೆಂಡತಿ ಬಿಡಲಿಲ್ಲ. “ಓಣ್ಯಾಗ ಎಷ್ಟ ಮನಿಗೆ ಆಕಿ ಹೆಸರು ಹೋಗೇತಿ, ಅಷ್ಟೂ ಮನಿಗೆ ನೀವೇ ಹೋಗಿ ಹೇಳಿ ಬರ್ರಿ” ಎಂದರು. ಮಾಲೀಕರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹುಡುಗಿ ಕಣ್ಣೊರೆಸಿಕೊಂಡು ಮತ್ತೆ ರಟ್ಟು ಹಾಕಲು ಕುಳಿತಳು.

ನಿಮ್ಮ ಮನೆಯಲ್ಲೂ ಇಂಥದೊಂದು ‘ಪತ್ತೇದಾರಿ’ ನಡೆದಿದ್ದರೆ ಬರೆದು ತಿಳಿಸಿ. ಹೆಸರು ಹಾಕುವುದಿಲ್ಲ, ಹೆದರಬೇಡಿ!