ಕೋಡ್ ಕೇಳಿದರೆ ಕೋಪ ಯಾಕೆ ಸ್ವಾಮೀ?

"ಗ್ಯಾಸ್ ಖಾಲಿ ಆಗಿದೆ ಸಾರ್." ಕಾರಿನ ಎ.ಸಿ. ತಂಪು ಮಾಡುತ್ತಿಲ್ಲ ಅಂತ ಗ್ಯಾರೇಜಿಗೆ ಹೋದವರೆಲ್ಲ ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ. ಈಗ ಎಲೆಕ್ಟ್ರಿಕ್ ಕಾರುಗಳು ಬಂದಿವೆ, ಮಾತೂ ಬದಲಾಗಿದೆ. "ಕಂಪ್ರೆಸರ್ ಅಸೆಂಬ್ಲಿ ಚೇಂಜ್ ಮಾಡ್ಬೇಕು ಸಾರ್." ಮೊದಲನೆಯದಕ್ಕೆ ಸಾವಿರದ ಲೆಕ್ಕದಲ್ಲಿ ಬಿಲ್ಲು, ಎರಡನೆಯದು ಲಕ್ಷದ ಹತ್ತಿರ ಹೋಗುತ್ತದೆ. ಎರಡಕ್ಕೂ ಇರುವ ಹೋಲಿಕೆ ಏನಪ್ಪಾ ಅಂದ್ರೆ, ಬಹಳಷ್ಟು ಸಲ ಹೇಳುವವರು ಏನನ್ನೂ ಅಳೆದು ನೋಡಿರುವುದಿಲ್ಲ.

ನನ್ನ ತಕರಾರು ಇಷ್ಟೇ. ಎಲೆಕ್ಟ್ರಿಕ್ ಕಾರು ತನಗೇನಾಗಿದೆ ಅಂತ ತಾನೇ ಬರೆದಿಟ್ಟುಕೊಳ್ಳುತ್ತದೆ. ಒಳಗಿನ ಕಂಪ್ಯೂಟರಿನಲ್ಲಿ ಫಾಲ್ಟ್ ಕೋಡ್ ಅಂತ ಕೂತಿರುತ್ತದೆ. ಆ ಕಾರಿಗೆ ದುಡ್ಡು ಕೊಟ್ಟವನು ನಾನು, ಕಂತು ಕಟ್ಟುತ್ತಿರುವವನೂ ನಾನೇ. ಆದರೆ ಆ ಕೋಡು ನನಗೆ ಕಾಣುವುದಿಲ್ಲ, ಕೇಳಿದರೆ ಹೇಳುವುದಿಲ್ಲ, ಬರೆದು ಕೊಡಿ ಅಂದರಂತೂ ಕೋಪ. ನನ್ನ ರಕ್ತ ಪರೀಕ್ಷೆಯ ರಿಪೋರ್ಟನ್ನು ಲ್ಯಾಬಿನವರು ಬಚ್ಚಿಟ್ಟುಕೊಂಡು "ಕಿಡ್ನಿ ಬದಲಿಸಬೇಕು" ಅಂದ ಹಾಗಾಯಿತು ಇದು.

"ಎ.ಸಿ. ತಾನೇ ಮಾರಾಯ್ರೆ, ಕಿಟಕಿ ಇಳಿಸಿಕೊಂಡು ಹೋಗಿ" ಅನ್ನುವವರಿದ್ದಾರೆ. ಅವರಿಗಾಗಿ ಸ್ವಲ್ಪ ವಿವರಿಸುತ್ತೇನೆ, ತಾಳ್ಮೆ ಇರಲಿ.

ಪೆಟ್ರೋಲ್ ಕಾರಿನಲ್ಲಿ ಎ.ಸಿ. ಕಂಪ್ರೆಸರು ಇಂಜಿನ್ನಿನ ಬೆಲ್ಟಿಗೆ ಜೋತುಬಿದ್ದು ತಿರುಗುತ್ತದೆ. ಹೀಟರಿಗೆ ಬೇಕಾದ ಬಿಸಿ ಇಂಜಿನ್ನಿನಿಂದ ಪುಕ್ಕಟೆ. ಎಲೆಕ್ಟ್ರಿಕ್ ಕಾರಿನಲ್ಲಿ ಬೆಲ್ಟೂ ಇಲ್ಲ, ಪುಕ್ಕಟೆ ಬಿಸಿಯೂ ಇಲ್ಲ. ಕಂಪ್ರೆಸರಿಗೆ ಅದರದೇ ಮೋಟಾರು. ಅದಕ್ಕೆ ಕರೆಂಟು ಬರುವುದು ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಿಂದಲೇ, ಹೆಚ್ಚಿನ ಕಾರುಗಳಲ್ಲಿ 300 ವೋಲ್ಟಿಗೂ ಮೇಲೆ. ಈಗ ಮುಖ್ಯ ವಿಷಯ. ಬ್ಯಾಟರಿಗೆ ಲಿಕ್ವಿಡ್ ಕೂಲಿಂಗ್ ಇರುವ ಬಹುತೇಕ ಕಾರುಗಳಲ್ಲಿ, ನಮ್ಮ ಮುಖಕ್ಕೆ ತಂಪು ಊದುವ ಅದೇ ಗ್ಯಾಸು ಚಿಲ್ಲರ್ ಅನ್ನುವ ಸಣ್ಣ ಪೆಟ್ಟಿಗೆಯ ಮೂಲಕ ಬ್ಯಾಟರಿಯನ್ನೂ ತಂಪು ಮಾಡುತ್ತದೆ. ಅಂದರೆ ಎ.ಸಿ. ಸತ್ತರೆ ಬೆವರುವುದು ನಾವಷ್ಟೇ ಅಲ್ಲ, ಬ್ಯಾಟರಿಯೂ ಬೆವರುತ್ತದೆ. ಬೇಸಗೆಯಲ್ಲಿ ಫಾಸ್ಟ್ ಚಾರ್ಜಿಂಗ್ ಆಮೆಯಾಗುತ್ತದೆ, ಹೆಚ್ಚು ಬಿಸಿಯಾದರೆ ಕಾರು ತನ್ನ ಶಕ್ತಿಯನ್ನೇ ತಗ್ಗಿಸಿಕೊಳ್ಳುತ್ತದೆ. (ಹಳೆಯ ನಿಸಾನ್ ಲೀಫ್ ತರಹ ಬ್ಯಾಟರಿಗೆ ಬರೀ ಗಾಳಿಯನ್ನೇ ನಂಬಿಕೊಂಡ ಕಾರುಗಳಲ್ಲಿ ಈ ನಂಟು ಇಲ್ಲ. ಅಲ್ಲಿನ ಕಷ್ಟ ಬೇರೆ.)

ಇನ್ನು ಮಳೆಗಾಲ. ಜುಲೈ ತಿಂಗಳಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದವರಿಗೆ ನಾನು ಹೇಳುವುದೇ ಬೇಡ. ಎ.ಸಿ. ಇಲ್ಲದಿದ್ದರೆ ಮುಂದಿನ ಗಾಜು ಎರಡೇ ನಿಮಿಷಕ್ಕೆ ಒಳಗಿನಿಂದ ಮಂಜು ಹಿಡಿಯುತ್ತದೆ, ಎದುರಿಗೆ ಬರುವ ಟ್ಯಾಂಕರ್ ಬರೀ ಎರಡು ಹಳದಿ ಚುಕ್ಕೆ. ಎಡಗೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಎಷ್ಟು ತಿರುವು ಇಳೀತೀರಿ? ಅಮೆರಿಕದವರು ಇದನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ, ಗಾಜಿನ ಮಂಜು ತೆಗೆಯುವುದು ಅಲ್ಲಿ ಸುರಕ್ಷತೆಯ ನಿಯಮ. 2022ರ ಫೆಬ್ರವರಿಯಲ್ಲಿ ಟೆಸ್ಲಾ ಅಲ್ಲಿ 26,681 ಕಾರುಗಳನ್ನು ರೀಕಾಲ್ ಮಾಡಬೇಕಾಯಿತು. ಸಾಫ್ಟ್‌ವೇರಿನ ದೋಷದಿಂದ ಹೀಟ್ ಪಂಪಿನ ಒಂದು ವಾಲ್ವ್ ಬೇಡದ ಹೊತ್ತಿನಲ್ಲಿ ತೆರೆದುಕೊಂಡು, ಗ್ಯಾಸು ಇವ್ಯಾಪೊರೇಟರಿನಲ್ಲಿ ಸಿಕ್ಕಿಬಿದ್ದು, ಗಾಜಿನ ಮಂಜು ಕರಗದೆ ಹೋಗಬಹುದಿತ್ತು. ಒಂದು ನಟ್ಟನ್ನೂ ತಿರುಗಿಸದೆ, ಗಾಳಿಯಲ್ಲೇ ಹೊಸ ಸಾಫ್ಟ್‌ವೇರ್ ಕಳಿಸಿ ಸರಿ ಮಾಡಿದರು. ಕಂಪ್ರೆಸರ್ ಅಸೆಂಬ್ಲಿ ಬದಲಿಸಲಿಲ್ಲ, ಗಮನಿಸಿ!

ನನ್ನದೇ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಕಳೆದ ಮೇ ತಿಂಗಳಲ್ಲಿ ನನ್ನ ಕಾರಿನ ಎ.ಸಿ. ಇದ್ದಕ್ಕಿದ್ದಂತೆ ಬರೀ ಬಿಸಿಗಾಳಿ ಊದಲು ಶುರು ಮಾಡಿತು. ಕಂಪನಿಯ ಸರ್ವಿಸ್ ಸೆಂಟರಿಗೆ ಬಿಟ್ಟೆ (ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ, ಒಬ್ಬರನ್ನು ಬೈದರೆ ಉಳಿದವರು ಸಾಚಾ ಆಗಿಬಿಡುತ್ತಾರೆ). ಸಂಜೆ ಫೋನು ಬಂತು. ಕಂಪ್ರೆಸರ್ ಅಸೆಂಬ್ಲಿ ಹೋಗಿದೆ, 92,000 ರೂಪಾಯಿ ಆಗುತ್ತೆ, ಕಾರಿನ ವಾರಂಟಿ ಮುಗಿದಿದೆ, ಬ್ಯಾಟರಿ ವಾರಂಟಿಯಲ್ಲಿ ಇದು ಬರಲ್ಲ. ಪಾರ್ಟ್ ಬರೋಕೆ ಇಪ್ಪತ್ತು ದಿನ. "ಯಾವ ಕೋಡ್ ಬಂತು?" ಅಂತ ಕೇಳಿದೆ. ಆ ಕಡೆ ಮೌನ. ಆಮೇಲೆ "ಅದು ಕಸ್ಟಮರ್‌ಗೆ ಶೇರ್ ಮಾಡೋಕಾಗಲ್ಲ ಸಾರ್, ಕಂಪನಿ ಪಾಲಿಸಿ." ಜಾಬ್ ಕಾರ್ಡಿನಲ್ಲಿ ಬರೆದು ಕೊಡಿ ಅಂದೆ. ಮ್ಯಾನೇಜರ್ ಬಂದರು. ನಾನು ಮೆಕ್ಯಾನಿಕ್ಕಾ ಅಂತ ಕೇಳಿದರು. ಅಲ್ಲ ಸ್ವಾಮಿ, ಕಾರಿನ ಯಜಮಾನ ಅಂದೆ.

ಕಾರು ವಾಪಸು ತಂದು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಸಣ್ಣ ವರ್ಕ್‌ಶಾಪು ಇಟ್ಟುಕೊಂಡಿರುವ ಪರಿಚಯದ ಹುಡುಗನೊಬ್ಬನ ಹತ್ತಿರ ಹೋದೆ. ಅವನ ಸ್ಕ್ಯಾನರು ನನ್ನ ಮಾಡೆಲ್ಲನ್ನು ಅಲ್ಪಸ್ವಲ್ಪ ಓದುತ್ತದೆ. ಗ್ಯಾಸಿನ ಒತ್ತಡ ಅಳೆಯುವ ಸೆನ್ಸರಿನ ಸಿಗ್ನಲ್ಲೇ ಬರುತ್ತಿಲ್ಲ ಅಂತ ತೋರಿಸಿತು. ಒತ್ತಡ ಎಷ್ಟಿದೆ ಅಂತ ಗೊತ್ತಾಗದಿದ್ದರೆ ಕಂಪ್ಯೂಟರು ಕಂಪ್ರೆಸರನ್ನು ಓಡಿಸಲು ಬಿಡುವುದಿಲ್ಲ, ಅದು ಸರಿಯೇ. ಬಾನೆಟ್ ಎತ್ತಿ ವೈರನ್ನು ಹಿಂಬಾಲಿಸಿದರೆ.... ಇಲಿ! ಗಣಪನ ವಾಹನ ನನ್ನ ವಾಹನದ ವೈರು ತಿಂದು ಹೋಗಿತ್ತು :-) ಬೆಸುಗೆ ಹಾಕಿ ಸ್ಲೀವ್ ಏರಿಸಿ 600 ರೂಪಾಯಿ ತೆಗೆದುಕೊಂಡ. ಇವತ್ತಿಗೂ ಅದೇ ಕಂಪ್ರೆಸರು ಓಡುತ್ತಿದೆ.

ಸರ್ವಿಸ್ ಸೆಂಟರಿನವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಹುಡುಗರಿಗೆ ಹುಡುಕುವ ಸಮಯ ಕೊಡುವುದಿಲ್ಲ, ಬದಲಿಸುವ ಸಮಯ ಮಾತ್ರ ಕೊಡುತ್ತಾರೆ. ಕೋಡು ಸೆನ್ಸರ್ ಅಂದರೂ, ಕಂಪ್ರೆಸರ್ ಓಡುತ್ತಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದಲ್ಲ, ಅದನ್ನೇ ಬದಲಿಸು. ಆದರೆ ಆ ಕೋಡು ನನ್ನ ಕೈಗೆ ಬಂದಿದ್ದರೆ ಈ ಆಟ ಐದು ನಿಮಿಷವೂ ನಡೆಯುತ್ತಿರಲಿಲ್ಲ. ಅದಕ್ಕೇ ಅದು ಗುಟ್ಟು.

ಹಾಗಾದರೆ ಯಜಮಾನನಾದವನು ತಾನೇ ಏನು ನೋಡಿಕೊಳ್ಳಬಹುದು? ಬೇಕಾದಷ್ಟಿದೆ, ನಮಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ. ಹಲವು ಕಾರುಗಳ ಪರದೆಯಲ್ಲಿ ಎ.ಸಿ. ಎಷ್ಟು ಕರೆಂಟು ಎಳೆಯುತ್ತಿದೆ ಅಂತ ತೋರಿಸುವ ಜಾಗವೊಂದಿರುತ್ತದೆ. ಬಿಸಿಲಲ್ಲಿ ಕಾರು ನಿಲ್ಲಿಸಿ, ಎ.ಸಿ.ಯನ್ನು ಅತಿ ತಂಪಿಗೆ ಇಟ್ಟು ಅದನ್ನು ನೋಡಿ. ಫ್ಯಾನಿನ ಚಿಲ್ಲರೆ ಖರ್ಚು ಬಿಟ್ಟು ಏನೂ ಎಳೆಯುತ್ತಿಲ್ಲ ಅಂದರೆ ಕಂಪ್ರೆಸರು ತಿರುಗುತ್ತಿಲ್ಲ. ಸೆನ್ಸರ್, ವೈರ್, ಫ್ಯೂಸ್, ಗ್ಯಾಸ್ ಸೋರಿಕೆ, ಕೊನೆಗೆ ಕಂಪ್ರೆಸರ್, ಇಷ್ಟರಲ್ಲಿ ಯಾವುದೋ ಒಂದು. ಒಂದು ಎರಡು ಕಿಲೋವ್ಯಾಟ್ ಎಳೆಯುತ್ತಿದೆ ಆದರೂ ತಂಪಿಲ್ಲ ಅಂದರೆ ಕಂಪ್ರೆಸರಿಗೆ ಕರೆಂಟು ಹೋಗುತ್ತಿದೆ, ಅದು ತಿರುಗುತ್ತಲೂ ಇದೆ. ಆಗ ಅನುಮಾನ ಮೊದಲು ಹೋಗಬೇಕಾದ್ದು ಬೇರೆ ಕಡೆಗೆ. ಮುಂದಿನ ಕಂಡೆನ್ಸರಿನ ತುಂಬ ಧೂಳು ಹುಳು ಅಂಟಿದೆಯಾ, ಅದರ ಫ್ಯಾನು ತಿರುಗುತ್ತಿದೆಯಾ, ಡ್ಯಾಶ್‌ಬೋರ್ಡಿನ ಹಿಂದೆ ಟಿಕ್ ಟಿಕ್ ಸದ್ದು ಬರುತ್ತಿದೆಯಾ? ಟಿಕ್ ಟಿಕ್ ಅಂದರೆ ಬಿಸಿ ತಂಪು ಬೆರೆಸುವ ಬಾಗಿಲಿನ ಪುಟ್ಟ ಮೋಟಾರಿನ ಹಲ್ಲು ಸವೆದಿರಬಹುದು. ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ಹೊರಗೆಳೆದು ನೋಡಿ. ನಮ್ಮ ರಸ್ತೆಗಳಲ್ಲಿ ಒಂದು ವರ್ಷ ಓಡಿದ ಫಿಲ್ಟರನ್ನು ನೋಡಿದ ದಿನ ಊಟ ಸೇರುವುದಿಲ್ಲ.

12 ವೋಲ್ಟಿನ ಸಣ್ಣ ಬ್ಯಾಟರಿಯನ್ನಂತೂ ಎಲ್ಲರೂ ಮರೆಯುತ್ತಾರೆ. ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಇದೇನು ಮಹಾ ಅಂತ. ಕಾರಿನ ಕಂಪ್ಯೂಟರುಗಳೆಲ್ಲ ನಡೆಯುವುದು ಈ ಸಣ್ಣದರ ಮೇಲೆ. ಇದು ಸೊರಗಿದರೆ ಎ.ಸಿ. ಅಷ್ಟೇ ಅಲ್ಲ, ಸಂಬಂಧವಿಲ್ಲದ ಹತ್ತು ಎಚ್ಚರಿಕೆ ದೀಪ ಒಟ್ಟಿಗೇ ಹೊತ್ತಿಕೊಳ್ಳಬಹುದು.

ಕೆಲವು ಸಲ ರೋಗವೇ ಇರುವುದಿಲ್ಲ. ಬೇಸಗೆಯಲ್ಲಿ ಫಾಸ್ಟ್ ಚಾರ್ಜ್ ಹಾಕಿಕೊಂಡು ಒಳಗೆ ಕೂತಾಗ ಎ.ಸಿ. ಮಂಕಾದರೆ, ಕಾರು ತಂಪನ್ನು ಬ್ಯಾಟರಿಯ ಕಡೆಗೆ ತಿರುಗಿಸಿದೆ ಅಂತ ಅರ್ಥ. ಚಾರ್ಜು ತೀರ ಕಡಿಮೆಯಾದಾಗಲೂ ಎಷ್ಟೋ ಕಾರುಗಳು ಎ.ಸಿ.ಯನ್ನು ತಗ್ಗಿಸುತ್ತವೆ. ಇದನ್ನು ಕೈಪಿಡಿಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನ್ನ ಕಾರಿನ ಕೈಪಿಡಿಯಲ್ಲಿ ಮೊಬೈಲನ್ನು ಬ್ಲೂಟೂತಿಗೆ ಜೋಡಿಸುವುದಕ್ಕೆ ಆರು ಪುಟ ಇದೆ, ಎ.ಸಿ. ಕೆಟ್ಟರೆ "ಅಧಿಕೃತ ಡೀಲರರನ್ನು ಸಂಪರ್ಕಿಸಿ" ಅಂತ ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ.

ಇಷ್ಟು ಹೇಳಿದ ಕೂಡಲೇ ಬರುವ ಉತ್ತರ ನನಗೆ ಗೊತ್ತು. "ಹೈ ವೋಲ್ಟೇಜ್ ಸಾರ್, ಜೀವಕ್ಕೆ ಅಪಾಯ, ಅದಕ್ಕೇ ನಾವು ಹೇಳೋದಿಲ್ಲ." ಅಪಾಯ ನಿಜ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಿಂದಕ್ಕೆ ತೆಗೆದುಕೊಳ್ಳಿ, ತರಬೇತಿ ಇಲ್ಲದವರು ಅದನ್ನು ಮುಟ್ಟಲೇಬಾರದು. ಆದರೆ ಮೇಲೆ ಹೇಳಿದ ಫಿಲ್ಟರು, ಕಂಡೆನ್ಸರಿನ ಧೂಳು, ಒತ್ತಡದ ಸೆನ್ಸರಿನ ವೈರು ಯಾವುದರಲ್ಲಾದರೂ 300 ವೋಲ್ಟ್ ಇದೆಯಾ? ಕೋಡನ್ನು ಕಾಗದದ ಮೇಲೆ ಬರೆದು ಕೊಟ್ಟರೆ ಯಾರಿಗೆ ಶಾಕ್ ಹೊಡೆಯುತ್ತದೆ?

ನಿಜವಾದ ಅಪಾಯ ಇರುವುದು ಹೇಳದೇ ಇರುವುದರಲ್ಲಿ. ಬೆಲ್ಟಿನ ಕಂಪ್ರೆಸರುಗಳಿಗೆ ಸಾಮಾನ್ಯವಾಗಿ ಪಿ.ಎ.ಜಿ. ಅನ್ನುವ ಎಣ್ಣೆ ಹಾಕುತ್ತಾರೆ. ಎಲೆಕ್ಟ್ರಿಕ್ ಕಂಪ್ರೆಸರಿನಲ್ಲಿ ಎಣ್ಣೆ ನೇರವಾಗಿ ಮೋಟಾರಿನ ಸುರುಳಿಯನ್ನೇ ಮುಟ್ಟುತ್ತಾ ಹರಿಯುತ್ತದೆ, ಆದ್ದರಿಂದ ಅದಕ್ಕೆ ವಿದ್ಯುತ್ತನ್ನು ಹಾಯಗೊಡದ ಎಣ್ಣೆಯೇ ಬೇಕು. ಬಹುತೇಕ ಕಾರುಗಳಲ್ಲಿ ಅದು ಪಿ.ಒ.ಇ. ರಸ್ತೆ ಬದಿಯ ಗ್ಯಾಸಿನವನು ಅದೇ ಹಳೇ ಮೆಷಿನ್ನಿನಿಂದ ಗ್ಯಾಸು ತುಂಬಿಸುವಾಗ ಸ್ವಲ್ಪ ಪಿ.ಎ.ಜಿ. ಒಳಗೆ ಹೋದರೂ ಸಾಕು, ಇನ್ಸುಲೇಷನ್ ಕುಸಿಯಬಹುದು. ಕಾರು ಅದನ್ನು ಕರೆಂಟ್ ಸೋರಿಕೆ ಅಂತ ಗುರುತಿಸಿ ಸ್ಟಾರ್ಟೇ ಆಗದೆ ನಿಲ್ಲಬಹುದು. ಐನೂರು ರೂಪಾಯಿ ಉಳಿಸಲು ಹೋಗಿ ಇಡೀ ಎ.ಸಿ. ಸರ್ಕೀಟು ಬದಲಿಸಬೇಕಾದ ಸ್ಥಿತಿ. ಇದನ್ನು ಆ ಗ್ಯಾಸಿನವನಿಗೆ ಯಾರು ಹೇಳಬೇಕಿತ್ತು? ಬಾನೆಟ್ ಕೆಳಗೆ ಯಾವ ಗ್ಯಾಸು, ಎಷ್ಟು ಗ್ರಾಂ ಅಂತ ಚೀಟಿ ಅಂಟಿಸುವವರಿಗೆ, ಯಾವ ಎಣ್ಣೆ, ಯಾಕೆ ಅಂತ ಅವನು ಓದುವ ಭಾಷೆಯಲ್ಲಿ ಅಂಟಿಸಲು ಏನು ರೋಗ?

ಇದು ಇವತ್ತಿನ ಜಗಳವೂ ಅಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ರೋಗ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದೀರಿ ಅನ್ನುವುದೇ ಆರೋಪ. ದಂಡದ ಮೇಲೆ ಮೇಲ್ಮನವಿ, ಕೋರ್ಟು ಎಲ್ಲ ನಡೆಯಿತು. ಅದೆಲ್ಲ ಇಂಜಿನ್ ಕಾರುಗಳ ಕಾಲದ್ದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ಲನ್ನೂ ಶುರು ಮಾಡಿತು, ಒಳ್ಳೆಯದೇ. ಆದರೆ ಪೋರ್ಟಲ್ಲು ಕಾನೂನಲ್ಲ.

ಇದರಲ್ಲೊಂದು ತಮಾಷೆ ಇದೆ. ಕಾರಿನ ಕೋಡನ್ನು ಯಾವ ಮೆಕ್ಯಾನಿಕ್ಕಾದರೂ ಓದುವಂತಿರಬೇಕು ಅನ್ನುವ ನಿಯಮ ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದದ್ದು ಹೊಗೆಯ ಕಾರಣಕ್ಕೆ. ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲ. ಹಾಗಾಗಿ ಆ ನಿಯಮದಿಂದ ಅದು ಮೆಲ್ಲಗೆ ಜಾರಿಕೊಂಡಿತು! ಕ್ಯಾಲಿಫೋರ್ನಿಯಾದವರು ಇದನ್ನು ಗಮನಿಸಿ, 2022ರಲ್ಲಿ ಒಪ್ಪಿಕೊಂಡ ನಿಯಮಗಳಲ್ಲಿ 2026ರ ಮಾಡೆಲ್ಲುಗಳಿಂದ ಎಲೆಕ್ಟ್ರಿಕ್ ಕಾರುಗಳೂ ಮಾಹಿತಿಯನ್ನು ಎಲ್ಲರೂ ಓದುವ ರೀತಿಯಲ್ಲಿ ಕೊಡಬೇಕು ಅಂತ ಬರೆದರು. ನಾವು? 2001ರಲ್ಲೇ ರೇವಾ ಓಡಿಸಿದ ಊರು ಬೆಂಗಳೂರು. ಎಲೆಕ್ಟ್ರಿಕ್ ಕಾರು ಅಂದರೇನು ಅಂತ ದೇಶದ ಬೇರೆಯವರು ಕೇಳುತ್ತಿದ್ದಾಗ ನಮ್ಮ ಜಯನಗರದ ರಸ್ತೆಗಳಲ್ಲಿ ಅದು ಓಡಾಡುತ್ತಿತ್ತು. ಕೋಡು ಕೇಳುವುದರಲ್ಲೂ ನಾವೇ ಮೊದಲಾದರೆ ತಪ್ಪೇನು?

ಗೆಳೆಯ ಬ್ಲಾಗಿಗರಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಎಲೆಕ್ಟ್ರಿಕ್ ಕಾರಿದ್ದು ಎ.ಸಿ. ರಿಪೇರಿಗೆ ಹೋಗಿದ್ದರೆ, ಜಾಬ್ ಕಾರ್ಡ್ ತೆಗೆದು ನೋಡಿ. ಅದರಲ್ಲಿ ಕೋಡ್ ಬರೆದಿದ್ದಾರಾ? ಏನು ಹೋಗಿದೆ ಅಂದರು, ಕೊನೆಗೆ ಏನು ಹೋಗಿತ್ತು, ಎಷ್ಟು ಬಿಲ್ಲಾಯಿತು? ಮಾಡೆಲ್ಲು ಮತ್ತು ವರ್ಷದ ಜತೆ ಇಷ್ಟನ್ನು ನಿಮ್ಮ ಬ್ಲಾಗಿನಲ್ಲೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ನನಗೊಂದು ಕೊಂಡಿ ಕಳಿಸಿ. ಪಟ್ಟಿ ಮಾಡಲು ಶುರು ಮಾಡಿದ್ದೇನೆ. ಸದ್ಯಕ್ಕೆ ಅದರಲ್ಲಿ ಇರುವುದು ಒಂದೇ ಸಾಲು: ಒತ್ತಡದ ಸೆನ್ಸರಿನ ವೈರು, ಇಲಿ, 600 ರೂ.