ಗುಪ್ತದಳ ಸದನಕ್ಕೆ ಲೆಕ್ಕ ಒಪ್ಪಿಸಲಿ

2019ರ ಮಾರ್ಚ್‌ನಲ್ಲಿ ಚುನಾವಣಾ ಆಯೋಗ ಆಂಧ್ರಪ್ರದೇಶದ ಗುಪ್ತಚರ ಮುಖ್ಯಸ್ಥ ಎ.ಬಿ. ವೆಂಕಟೇಶ್ವರ ರಾವ್ ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡುವಂತೆ ಹೇಳಿತು. ಚಂದ್ರಬಾಬು ನಾಯ್ಡು ಅವರ ತೆಲುಗುದೇಶಂ ಸರ್ಕಾರ ಒಪ್ಪಲಿಲ್ಲ. ಗುಪ್ತಚರ ಮುಖ್ಯಸ್ಥ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೈಕೋರ್ಟ್‌ಗೆ ಹೋಯಿತು, ಸೋತ ಮೇಲೆ ಮಣಿಯಿತು. ಮತದಾನಕ್ಕೆ ಎರಡು ವಾರ ಇರುವಾಗ ಒಬ್ಬ ಪೊಲೀಸ್ ಅಧಿಕಾರಿಯ ಕುರ್ಚಿಗಾಗಿ ಸರ್ಕಾರವೊಂದು ಕೋರ್ಟ್ ಹತ್ತಿದ್ದೇ ಆ ಕುರ್ಚಿ ಯಾರ ಕೆಲಸಕ್ಕಿತ್ತು ಎಂಬ ಅನುಮಾನವನ್ನು ಗಟ್ಟಿ ಮಾಡಿತು.

2014ರಿಂದ 2019ರ ನಡುವೆ ವೈಎಸ್‌ಆರ್ ಕಾಂಗ್ರೆಸ್‌ನ 23 ಶಾಸಕರು ತೆಲುಗುದೇಶಂ ಸೇರಿದರು. ಆಗ ನಮ್ಮ ಅನಂತಪುರ ಜಿಲ್ಲೆಯಲ್ಲೇ ಇದ್ದ ಕದಿರಿಯ ಶಾಸಕ ಅತ್ತರ್ ಚಾಂದ್ ಬಾಷಾ ಅವರಲ್ಲೊಬ್ಬರು. ಈ ಪಕ್ಷಾಂತರದ ಹಿಂದೆ ಗುಪ್ತದಳದ ಕೈವಾಡವಿತ್ತು ಎಂಬುದು ವೈಎಸ್‌ಆರ್ ಕಾಂಗ್ರೆಸ್ಸಿನ ಆರೋಪ. ಅದು ಸಾಬೀತಾಗಿಲ್ಲ, ಆದ್ದರಿಂದ ಆ ಅಧಿಕಾರಿಯನ್ನು ನಾವು ಅಪರಾಧಿ ಎನ್ನುವುದಿಲ್ಲ. ನಮ್ಮ ಆಕ್ಷೇಪ ವ್ಯವಸ್ಥೆಯ ಮೇಲೆ. ಶಾಸಕರ ಮೇಲೆ ಕಣ್ಣಿಡುವ ಶಕ್ತಿ ಇರುವ ಇಲಾಖೆ ಮುಖ್ಯಮಂತ್ರಿಗೆ ವರದಿ ಕೊಡುತ್ತದೆ, ಸದನಕ್ಕಲ್ಲ. ಹೀಗಿರುವಾಗ ಆರೋಪ ಸುಳ್ಳಾಗಿದ್ದರೂ ಅದನ್ನು ಸುಳ್ಳೆಂದು ತೋರಿಸುವ ದಾರಿಯೇ ಇಲ್ಲ.

ಮುಂದೆ ಬಂದ ವೈಎಸ್‌ಆರ್ ಕಾಂಗ್ರೆಸ್ಸಿನ ಜಗನ್ ಸರ್ಕಾರ ಆ ದಾರಿ ಮಾಡಬಹುದಿತ್ತು. ಮಾಡಿದ್ದು ಬೇರೆ. ಗೂಢಚರ್ಯೆಯ ಉಪಕರಣ ಖರೀದಿಯಲ್ಲಿ ಅಕ್ರಮದ ಹೆಸರಿನಲ್ಲಿ 2020ರಲ್ಲಿ ರಾವ್ ಅವರನ್ನು ಅಮಾನತು ಮಾಡಿತು. ಎರಡು ವರ್ಷ ಮೀರಿದ ಆ ಅಮಾನತು ಸಲ್ಲದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅದೇ ವರ್ಷ ಫೋನ್ ಕದ್ದಾಲಿಕೆ ವಿಚಾರಿಸಲು ಭೂಮನ ಕರುಣಾಕರ ರೆಡ್ಡಿ ನೇತೃತ್ವದಲ್ಲಿ ಸದನ ಸಮಿತಿ ಬಂತು. ಅಧ್ಯಕ್ಷರು ಆಳುವ ಪಕ್ಷದವರು, ಪರಿಶೀಲನೆಗೆ ಇಟ್ಟಿದ್ದು ಹಿಂದಿನ ಸರ್ಕಾರದ ಅವಧಿ. ತನ್ನ ಕಾಲದ ಗುಪ್ತದಳವನ್ನು ಕೇಳುವ ಧೈರ್ಯ ಮಾಡದ ಸಮಿತಿಯನ್ನು ಮೇಲ್ವಿಚಾರಣೆ ಎನ್ನಲಾಗದು, ಅದು ಸೇಡು. ಎರಡೂ ಪಕ್ಷಗಳವರು ಇಲ್ಲಿ ತಪ್ಪಿತಸ್ಥರು.

ಕರ್ನಾಟಕದ ಗಡಿಗಂಟಿದ ನಮ್ಮ ಡಿ. ಹಿರೇಹಾಳಿನ ಜನರಿಗೆ ಇದು ದೂರದ ಅಮರಾವತಿಯ ಜಗಳವಲ್ಲ. ಓಬಳಾಪುರಂ, ಸಿದ್ದಾಪುರಂ, ಮಲಪನಗುಡಿಯ ಗುಡ್ಡಗಳು ಈ ಮಂಡಲದವು. ಗಣಿಗಾಗಿ ಎರಡು ರಾಜ್ಯಗಳ ಗಡಿ ಗುರುತುಗಳೇ ಅಳಿದವು, ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯನ್ನು ಸಿಡಿಸಿದರು. ಈ ಅಕ್ರಮ ಗಣಿಗಾರಿಕೆಯ ಮೇಲೆ ಸಿಬಿಐ ಪ್ರಕರಣ ದಾಖಲಾದದ್ದು 2009ರ ಡಿಸೆಂಬರ್‌ನಲ್ಲಿ. ಗಣಿ ಉದ್ಯಮಿ ಗಾಲಿ ಜನಾರ್ದನ ರೆಡ್ಡಿ ಮತ್ತಿತರರಿಗೆ ಹೈದರಾಬಾದಿನ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮುಂದೆ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಲಾರಿಗಳ ಕೆಂಪು ದೂಳು ಊರಿಗೆಲ್ಲ ಕಾಣುತ್ತಿದ್ದಾಗ ರಾಜ್ಯದ ಗುಪ್ತದಳ ಏನನ್ನು ಬರೆದು ಕಳಿಸಿತು? ಕಳಿಸಿದ್ದರೆ ಅದನ್ನು ಯಾರು ಅದುಮಿಟ್ಟರು? ಈ ಮಂಡಲವಿರುವ ರಾಯದುರ್ಗ ಕ್ಷೇತ್ರದ ಶಾಸಕರು, ಅವರು ಯಾವ ಪಕ್ಷದವರೇ ಇರಲಿ, ಗುಪ್ತಚರ ಮುಖ್ಯಸ್ಥರನ್ನು ಕರೆಸಿ ಇದನ್ನು ಕೇಳಬಲ್ಲ ಶಾಶ್ವತ ಸಮಿತಿ ವಿಧಾನಸಭೆಯಲ್ಲಿಲ್ಲ. ಇಲಾಖೆ ಶಾಸಕರನ್ನು ಗಮನಿಸಬಹುದು, ಶಾಸಕರು ಇಲಾಖೆಯನ್ನು ಗಮನಿಸುವಂತಿಲ್ಲ. ಹೊಲಕ್ಕೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ (ಎಚ್‌ಎಲ್‌ಸಿ) ನೀರಿಲ್ಲವೆಂದೋ ಕನ್ನಡ ಶಾಲೆಗೆ ಮೇಷ್ಟ್ರಿಲ್ಲವೆಂದೋ ಶಾಸಕರಿಗೆ ಫೋನ್ ಮಾಡುವ ರೈತನ ಮಾತೂ ಆ ಕಿವಿಗೆ ಬೀಳಬಹುದು.

ಗಡಿಯಾಚೆ ಕರ್ನಾಟಕದಲ್ಲೂ ಇದೇ ಕಥೆ. ಕದ್ದಾಲಿಕೆಯ ಪಟ್ಟಿ ಹೊರಬಿದ್ದಾಗ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆ ರಾಜೀನಾಮೆಗೆ ಗೌರವ ಸಲ್ಲಬೇಕು, ಆದರೆ ಅದರಿಂದ ಒಂದು ಕಾನೂನೂ ಹುಟ್ಟಲಿಲ್ಲ. 2019ರಲ್ಲಿ ಕರ್ನಾಟಕ ಮತ್ತೊಂದು ಕದ್ದಾಲಿಕೆ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. ತೆಲಂಗಾಣದಲ್ಲಿ ಮಾವೋವಾದಿಗಳಿಗಾಗಿ ಕಟ್ಟಿದ ವಿಶೇಷ ಗುಪ್ತದಳ ವಿರೋಧ ಪಕ್ಷದವರ ಫೋನ್ ಆಲಿಸಿ, 2023ರ ಡಿಸೆಂಬರ್‌ನಲ್ಲಿ ಸರ್ಕಾರ ಸೋತ ಮರುದಿನ ಹಾರ್ಡ್ ಡಿಸ್ಕ್‌ಗಳನ್ನು ನಾಶ ಮಾಡಿತೆಂಬ ಆರೋಪದ ಮೇಲೆ ಅಧಿಕಾರಿಗಳು ಜೈಲು ಕಂಡರು. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮ ಹಾಕಿತು. ಆದರೆ ಆದೇಶ ಕೊಡುವವರೂ ಅದನ್ನು ಪರಿಶೀಲಿಸುವವರೂ ಸರ್ಕಾರದ ಕಾರ್ಯದರ್ಶಿಗಳೇ. 2024ರ ಹೊಸ ನಿಯಮಗಳಲ್ಲೂ ನ್ಯಾಯಾಧೀಶರಿಗೆ, ಶಾಸಕರಿಗೆ ಸ್ಥಾನವಿಲ್ಲ. 1887ರಲ್ಲಿ ಹುಟ್ಟಿದ ಕೇಂದ್ರ ಗುಪ್ತಚರ ದಳಕ್ಕೇ ಸ್ವಂತ ಕಾಯ್ದೆಯಿಲ್ಲ. 2011ರಲ್ಲಿ ಮನೀಶ್ ತಿವಾರಿ ತಂದ ಖಾಸಗಿ ಮಸೂದೆ ಮುಂದೆ ಸಾಗಲಿಲ್ಲ. ಗುಟ್ಟು ಬಯಲಾಗುತ್ತದೆ ಎಂಬ ನೆಪ ನಿಲ್ಲುವುದಿಲ್ಲ. ಬ್ರಿಟನ್ನಿನ ಸಂಸದರ ಸಮಿತಿ 1994ರಿಂದ ಬೇಹುಗಾರರ ಕೆಲಸ ಪರಿಶೀಲಿಸುತ್ತಿದೆ, ಆ ದೇಶದ ಭದ್ರತೆ ಕುಸಿದಿಲ್ಲ.

ಆಂಧ್ರದಲ್ಲಿ ಮಾದರಿಗೆ ದೂರ ಹುಡುಕಬೇಕಿಲ್ಲ. ಉರವಕೊಂಡದ ಪಯ್ಯಾವುಲ ಕೇಶವ್ 2019ರಲ್ಲಿ ವಿರೋಧ ಪಕ್ಷದಿಂದ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾದರು. ಇಂದು ಅವರೇ ಹಣಕಾಸು ಸಚಿವರು. 2024ರಲ್ಲಿ ಆ ಸಮಿತಿಯ ಕುರ್ಚಿಯೂ ಆಡಳಿತ ಕೂಟದ ಪಾಲಾಯಿತು. ಆದ್ದರಿಂದ ಸಂಪ್ರದಾಯವನ್ನು ನಂಬಿ ಕೂರಲಾಗದು. ಗುಪ್ತಚರ ವಿಭಾಗಕ್ಕೆ ಕಾಯ್ದೆ ಬೇಕು. ಸದನದ ಶಾಶ್ವತ ಸಮಿತಿಗೆ ಆಳುವ ಕೂಟದ ಹೊರಗಿನವರೇ ಅಧ್ಯಕ್ಷರೆಂದು ಅದರಲ್ಲಿ ಬರೆದಿರಬೇಕು. ಶಾಸಕರ ಫೋನ್ ಆಲಿಸುವ ಪ್ರತಿ ಆದೇಶವೂ ಹೈಕೋರ್ಟ್ ನ್ಯಾಯಮೂರ್ತಿಯ ಮುಂದೆ ಹೋಗಬೇಕು. ರಾಯದುರ್ಗದ ಶಾಸಕ ಕಾಲವ ಶ್ರೀನಿವಾಸುಲು, ಸಚಿವ ಕೇಶವ್ ಇಬ್ಬರೂ ಈ ಮಸೂದೆಯನ್ನು ಬರುವ ಅಧಿವೇಶನದಲ್ಲೇ ಮಂಡಿಸಲು ಒತ್ತಾಯಿಸಬೇಕು.