ಉಪಚುನಾವಣೆಯ ಜಯವೂ ಪಕ್ಷದ ಭವಿಷ್ಯವೂ

ಉಪಚುನಾವಣೆಯ ಮತಗಳೆಣಿಕೆ ಮುಗಿದ ಸಂಜೆ ಗೆದ್ದ ಪಕ್ಷದ ಧುರೀಣರು ಆಡುವ ಮಾತು ಒಂದೇ: ಇದು ಮುಂದಿನ ಸಾರ್ವತ್ರಿಕ ಚುನಾವಣೆಯ ಮುನ್ಸೂಚನೆ. ಸೋತವರು ಆಡುವ ಮಾತೂ ಒಂದೇ: ಇದು ಹಣ ಹಾಗೂ ಅಧಿಕಾರಗಳ ಗೆಲುವು. 2024ನೆಯ ಇಸವಿಯ ನವೆಂಬರ 23ರಂದು ಚನ್ನಪಟ್ಟಣ, ಶಿಗ್ಗಾವಿ, ಸಂಡೂರುಗಳ ಮೂರು ಸ್ಥಾನಗಳನ್ನೂ ಆಳುವ ಕಾಂಗ್ರೆಸ್ಸು ಗೆದ್ದುಕೊಂಡಾಗ ಈ ಎರಡು ಮಾತುಗಳೂ ಕೇಳಿಬಂದವು. 2019ರ ಡಿಸೆಂಬರ 9ರಂದು ಇವೇ ಮಾತುಗಳನ್ನು ನಾವು ಕೇಳಿದ್ದೆವು. ಆಡುವವರು ಮಾತ್ರ ಅಂದು ಅದಲುಬದಲಾಗಿದ್ದರು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನಿರ್ಣಯಿಸಲು ದೂರದ ದೇಶಗಳ ಚರಿತ್ರೆಯನ್ನು ಕೆದಕಬೇಕಾಗಿಲ್ಲ. ನಮ್ಮ ನಾಡಿನ ಈಚಿನ ಐದಾರು ವರುಷಗಳ ಲೆಕ್ಕವೇ ಸಾಕು.

2019ರ ಸಂಗತಿಯನ್ನು ವಾಚಕರು ಮರೆತಿರಲಾರರು. ಕಾಂಗ್ರೆಸ್ಸು ಹಾಗೂ ಜಾತ್ಯತೀತ ಜನತಾ ದಳಗಳ ಸಂಯುಕ್ತ ಸರಕಾರವು ಆ ವರುಷದ ಜುಲೈ ತಿಂಗಳಲ್ಲಿ ಉರುಳಿತು. ಸಭಾಧ್ಯಕ್ಷರು 17 ಮಂದಿ ಶಾಸಕರನ್ನು ಅನರ್ಹಗೊಳಿಸಿದರು. ಸರ್ವೋಚ್ಚ ನ್ಯಾಯಾಲಯವು ನವೆಂಬರ ತಿಂಗಳಲ್ಲಿ ಆ ಅನರ್ಹತೆಯನ್ನು ಎತ್ತಿಹಿಡಿದರೂ ಅವರು ಮರಳಿ ಸ್ಪರ್ಧಿಸಲು ಅಡ್ಡಿಯಿಲ್ಲವೆಂದು ತೀರ್ಪಿತ್ತಿತು. ಹದಿನೈದು ಕ್ಷೇತ್ರಗಳಲ್ಲಿ ನಡೆದ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷವು ಅಂಥ 13 ಮಂದಿಯನ್ನು ತನ್ನ ಅಭ್ಯರ್ಥಿಗಳಾಗಿ ನಿಲ್ಲಿಸಿತು. 11 ಮಂದಿ ಗೆದ್ದರು. ರಾಣೆಬೆನ್ನೂರನ್ನೂ ಕೂಡಿಸಿ ಪಕ್ಷಕ್ಕೆ ಬಂದ ಸ್ಥಾನಗಳು 12. ಕಾಂಗ್ರೆಸ್ಸಿಗೆ ಉಳಿದವು ಹುಣಸೂರು, ಶಿವಾಜಿನಗರಗಳೆಂಬ ಎರಡೇ. ದಳಕ್ಕೆ ಒಂದೂ ಇಲ್ಲ. ಅದೇ ದಿನ ಶ್ರೀ ಸಿದ್ಧರಾಮಯ್ಯನವರು ಶಾಸಕಾಂಗ ಪಕ್ಷದ ನಾಯಕತ್ವಕ್ಕೂ, ಶ್ರೀ ದಿನೇಶ ಗುಂಡೂರಾಯರು ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಗೂ ರಾಜೀನಾಮೆಯಿತ್ತರು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯಲ್ಲಿ ಕಮಲ ಅರಳಿತು. ಮರುವರುಷ ತುಮಕೂರು ಜಿಲ್ಲೆಯ ಶಿರಾದಲ್ಲಿಯೂ ಅರಳಿತು. ಹಳೆಯ ಮೈಸೂರು ಸೀಮೆಯಲ್ಲಿ ಹೊಸ ಯುಗ ಆರಂಭವಾಯಿತೆಂದು ನಂಬಿದವರು ಕೇವಲ ಆ ಪಕ್ಷದವರಷ್ಟೇ ಆಗಿರಲಿಲ್ಲ.

ಆ ಹನ್ನೆರಡು ಸ್ಥಾನಗಳು ಏನಾದವು? 2023ರ ಮೇ ತಿಂಗಳ ಸಾರ್ವತ್ರಿಕ ಚುನಾವಣೆಯಲ್ಲಿ ಅಥಣಿ, ಕಾಗವಾಡ, ಹಿರೇಕೆರೂರು, ರಾಣೆಬೆನ್ನೂರು, ವಿಜಯನಗರ, ಚಿಕ್ಕಬಳ್ಳಾಪುರ ಈ ಆರೂ ಕಾಂಗ್ರೆಸ್ಸಿನ ಪಾಲಾದವು. ಕೃಷ್ಣರಾಜಪೇಟೆ ದಳಕ್ಕೆ ಮರಳಿತು. ಪಕ್ಷದ ಕೈಯಲ್ಲಿ ಉಳಿದವು ಐದು: ಗೋಕಾಕ, ಯಲ್ಲಾಪುರ, ಹಾಗೂ ಬೆಂಗಳೂರು ನಗರದ ಕಡೆಯ ಕೃಷ್ಣರಾಜಪುರ, ಯಶವಂತಪುರ, ಮಹಾಲಕ್ಷ್ಮೀ ಬಡಾವಣೆ. ಈ ಐವರಲ್ಲಿ ಯಲ್ಲಾಪುರದ ಹಾಗೂ ಯಶವಂತಪುರದ ಶಾಸಕರನ್ನು 2025ರ ಮೇ ತಿಂಗಳಲ್ಲಿ ಪಕ್ಷವೇ ಹೊರಹಾಕಿತು. ಶಿರಾವೂ ಕೈಬಿಟ್ಟು ಹೋಯಿತು. ಇಡೀ ನಾಡಿನ ಲೆಕ್ಕದಲ್ಲಿ ಕಾಂಗ್ರೆಸ್ಸಿಗೆ 135, ಭಾರತೀಯ ಜನತಾ ಪಕ್ಷಕ್ಕೆ 66, ದಳಕ್ಕೆ 19. ಉಪಚುನಾವಣೆಯ ಜಯವನ್ನು ಭವಿಷ್ಯವಾಣಿಯೆಂದು ಬಗೆದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕಿಲ್ಲ.

ಆ ಪಕ್ಷವನ್ನೊಂದನ್ನೇ ಇದಕ್ಕಾಗಿ ಹಾಸ್ಯ ಮಾಡುವುದು ನ್ಯಾಯವಲ್ಲ. 2018ರ ನವೆಂಬರಿನಲ್ಲಿ ಸಂಯುಕ್ತ ಸರಕಾರದವರು ಐದು ಉಪಚುನಾವಣೆಗಳಲ್ಲಿ ನಾಲ್ಕನ್ನು ಗೆದ್ದಿದ್ದರು; ಬಳ್ಳಾರಿಯ ಲೋಕಸಭಾ ಸ್ಥಾನವನ್ನು 2 ಲಕ್ಷ 40 ಸಾವಿರಕ್ಕೂ ಮಿಕ್ಕ ಅಂತರದಿಂದಲೂ, ಮಂಡ್ಯವನ್ನು 3 ಲಕ್ಷಕ್ಕೂ ಮಿಕ್ಕ ಅಂತರದಿಂದಲೂ ಪಡೆದಿದ್ದರು. ಆರೇ ತಿಂಗಳು ಕಳೆಯುವಷ್ಟರಲ್ಲಿ, 2019ರ ಮೇ ತಿಂಗಳಲ್ಲಿ, ಬಳ್ಳಾರಿಯೂ ಹೋಯಿತು, ಮಂಡ್ಯವೂ ಹೋಯಿತು. 28 ಸ್ಥಾನಗಳಲ್ಲಿ ಎರಡು ಪಕ್ಷಗಳಿಗೂ ಸೇರಿ ದೊರೆತವು ಎರಡು.

ಇದರಿಂದ ಮತದಾರನು ಚಂಚಲಚಿತ್ತನೆಂದು ತೀರ್ಮಾನಿಸುವವರುಂಟು. ನಮ್ಮ ಅಭಿಪ್ರಾಯವು ಇದಕ್ಕೆ ತೀರ ವಿರುದ್ಧವಾದುದು. ಉಪಚುನಾವಣೆಯಲ್ಲಿ ಮತದಾರನ ಮುಂದಿರುವ ಪ್ರಶ್ನೆಯೇ ಬೇರೆ. ಸರಕಾರವು ತನ್ನ ಒಂದು ಮತದಿಂದ ಉರುಳುವುದಿಲ್ಲವೆಂಬುದನ್ನು ಅವನು ಬಲ್ಲ. ಅವಧಿ ಇನ್ನೂ ಮೂರುವರೆ ವರುಷ ಉಳಿದಿದೆ. ಊರಿಗೆ ರಸ್ತೆಯಾಗಬೇಕು, ಕೆರೆಗೆ ನೀರು ತುಂಬಬೇಕು, ಆಸ್ಪತ್ರೆಗೆ ವೈದ್ಯರು ಬರಬೇಕು. ವಿರೋಧಪಕ್ಷದ ಶಾಸಕನನ್ನು ಆರಿಸಿ ಕಳಿಸಿದರೆ ಅವನು ಸಭೆಯಲ್ಲಿ ಗರ್ಜಿಸಿಯಾನು, ಹಣ ತಂದಾನೆ? ಇದು ಸಂಸಾರಸ್ಥನ ಲೆಕ್ಕಾಚಾರ. ಇದರಲ್ಲಿ ತಪ್ಪೇನೂ ಇಲ್ಲ. ಸಾರ್ವತ್ರಿಕ ಚುನಾವಣೆಯಲ್ಲಾದರೋ ಸರಕಾರವೇ ಕಟಕಟೆಯಲ್ಲಿ ನಿಂತಿರುತ್ತದೆ. ಅದೇ ಸಂಸಾರಸ್ಥನು ಅಂದು ನ್ಯಾಯಾಧೀಶನಾಗುತ್ತಾನೆ. ಮಂತ್ರಿಮಂಡಲದ ಅರ್ಧವೇ ಒಂದು ತಾಲೂಕಿನಲ್ಲಿ ಬೀಡುಬಿಟ್ಟು, ಒಬ್ಬೊಬ್ಬ ಮಂತ್ರಿಗೆ ಒಂದೊಂದು ಹೋಬಳಿಯ ಹೊಣೆಯನ್ನು ಹಂಚಿಕೊಟ್ಟು ಗಳಿಸಿದ ಜಯವನ್ನು 224 ಕ್ಷೇತ್ರಗಳಲ್ಲಿ ಏಕಕಾಲಕ್ಕೆ ಮಾಡಿ ತೋರಿಸುವುದು ಸಾಧ್ಯವೂ ಇಲ್ಲ. (ಆ ದಿನಗಳಲ್ಲಿ ವಿಧಾನಸೌಧದ ಕಡತಗಳ ಪಾಡೇನೆಂಬುದನ್ನು ಅಲ್ಲಿಯ ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.)

ಹಾಗಾದರೆ ಉಪಚುನಾವಣೆಗಳು ಏನನ್ನೂ ಹೇಳುವುದಿಲ್ಲವೇ? ಹೇಳುತ್ತವೆ, ಆದರೆ ಆಳುವ ಪಕ್ಷದ ಜಯಕ್ಕಿಂತ ಅದರ ಸೋಲು ಹೆಚ್ಚು ಮಾತಾಡುತ್ತದೆ. ಇದಕ್ಕೆ ರಾಯಚೂರು ಜಿಲ್ಲೆಯ ಮಸ್ಕಿಯೇ ಸಾಕ್ಷಿ. 2018ರಲ್ಲಿ ಅಲ್ಲಿ ಶ್ರೀ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್ಸಿನಿಂದ ನಿಂತು ಭಾರತೀಯ ಜನತಾ ಪಕ್ಷದ ಶ್ರೀ ಬಸನಗೌಡ ತುರ್ವಿಹಾಳರನ್ನು ಬರೇ 213 ಮತಗಳಿಂದ ಸೋಲಿಸಿದ್ದರು. ಮುಂದೆ ಪಾಟೀಲರು ಪಕ್ಷ ಬಿಟ್ಟು ಭಾರತೀಯ ಜನತಾ ಪಕ್ಷಕ್ಕೆ ಹೋದರು. ತುರ್ವಿಹಾಳರು ಕಾಂಗ್ರೆಸ್ಸಿಗೆ ಬಂದರು. 2021ರ ಏಪ್ರಿಲಿನ ಉಪಚುನಾವಣೆಯಲ್ಲಿ ಅದೇ ಇಬ್ಬರು, ಅಂಗಿ ಬದಲಿಸಿಕೊಂಡು, ಮತ್ತೆ ಎದುರುಬದುರಾದರು. ಅಧಿಕಾರವೆಲ್ಲ ಪಾಟೀಲರ ಬೆನ್ನಿಗಿದ್ದರೂ ಅವರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ವ್ಯಕ್ತಿಗಳು ಅವರೇ, ಊರೂ ಅದೇ. ಪಕ್ಷಾಂತರದ ಮೇಲೆ ಜನ ಕೊಟ್ಟ ತೀರ್ಪು ಅದಲ್ಲದೆ ಮತ್ತೇನು? 2023ರಲ್ಲಿಯೂ ತುರ್ವಿಹಾಳರೇ ಗೆದ್ದರು.

ಅದೇ ದಿನ ಬೆಳಗಾವಿಯ ಲೋಕಸಭಾ ಕ್ಷೇತ್ರದ ಫಲಿತಾಂಶವೂ ಬಂದಿತು. ಅಲ್ಲಿ ಭಾರತೀಯ ಜನತಾ ಪಕ್ಷವು ಗೆದ್ದಿತೆಂಬುದು ನಿಜ. ಆದರೆ 2019ರಲ್ಲಿ ದಿವಂಗತ ಸುರೇಶ ಅಂಗಡಿಯವರಿಗಿದ್ದ ಸುಮಾರು 3 ಲಕ್ಷ 90 ಸಾವಿರದ ಅಂತರವು ಅವರ ಪತ್ನಿಯವರ ಕಾಲಕ್ಕೆ ಸುಮಾರು 5 ಸಾವಿರಕ್ಕೆ ಇಳಿದಿತ್ತು. ಅದೇ ವರುಷ ನವೆಂಬರಿನಲ್ಲಿ ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿಯವರ ಸ್ವಂತ ಜಿಲ್ಲೆಯ ಹಾನಗಲ್ಲು ಕಾಂಗ್ರೆಸ್ಸಿಗೆ ಹೋಯಿತು. ಸಿಂದಗಿಯನ್ನು 30 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದ ಸಂತೋಷದಲ್ಲಿ ಪಕ್ಷದವರು ಹಾನಗಲ್ಲನ್ನು ಮರೆಯಲೆತ್ನಿಸಿದರು. ಒಂದೂವರೆ ವರುಷದ ಮೇಲೆ ಸಿಂದಗಿಯೂ ಅವರ ಕೈಬಿಟ್ಟಿತು. ಮಸ್ಕಿ, ಬೆಳಗಾವಿ, ಹಾನಗಲ್ಲುಗಳು ನುಡಿದುದು ನಿಜವಾಯಿತು. ಕೃಷ್ಣರಾಜಪೇಟೆ, ಶಿರಾ, ಸಿಂದಗಿಗಳು ನುಡಿದುದು ಸುಳ್ಳಾಯಿತು.

ಸೋಲನ್ನು ಕೇಳಿಸಿಕೊಂಡೂ ಉಪಯೋಗವಾಗದ ಪ್ರಸಂಗಗಳುಂಟು. 1963ರಲ್ಲಿ ಅಮರೋಹಾದಿಂದ ಆಚಾರ್ಯ ಕೃಪಲಾನಿ, ಫರುಕಾಬಾದಿನಿಂದ ಡಾಕ್ಟರ ಲೋಹಿಯಾ, ರಾಜಕೋಟದಿಂದ ಶ್ರೀ ಮೀನೂ ಮಸಾನಿ ಹೀಗೆ ಮೂವರು ಘಟಾನುಘಟಿಗಳು ಕಾಂಗ್ರೆಸ್ಸನ್ನು ಸೋಲಿಸಿ ಲೋಕಸಭೆಯನ್ನು ಪ್ರವೇಶಿಸಿದರು. ಪಕ್ಷವು ಎಚ್ಚೆತ್ತು ಕಾಮರಾಜ ಯೋಜನೆಯನ್ನು ಜಾರಿಗೆ ತಂದಿತು. ಮಂತ್ರಿಗಳೂ ಮುಖ್ಯಮಂತ್ರಿಗಳೂ ಪದವಿ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕೆಂಬುದು ಅದರ ತಿರುಳು. ಆದರೆ ಬದಲಾದದ್ದು ಕುರ್ಚಿಗಳ ಮೇಲಿನ ಹೆಸರುಗಳು ಮಾತ್ರ. 1962ರಲ್ಲಿ 361 ಇದ್ದ ಸ್ಥಾನಗಳು 1967ರಲ್ಲಿ 283ಕ್ಕೆ ಇಳಿದವು. ಅನೇಕ ಪ್ರಾಂತಗಳು ಕೈತಪ್ಪಿದವು.

ಈಗ 2024ರ ಮೂರು ಸ್ಥಾನಗಳಿಗೆ ಬರೋಣ. ಚನ್ನಪಟ್ಟಣದಲ್ಲಿ 25 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದ ಶ್ರೀ ಯೋಗೇಶ್ವರರು ಮತದಾನಕ್ಕೆ ಸುಮಾರು ಮೂರು ವಾರಗಳ ಮುಂಚೆಯಷ್ಟೇ ಭಾರತೀಯ ಜನತಾ ಪಕ್ಷವನ್ನು ಬಿಟ್ಟು ಬಂದವರು. ಇದು ಕಾಂಗ್ರೆಸ್ಸಿನ ಮತವೆಷ್ಟು, ಅವರ ಸ್ವಂತ ಮತವೆಷ್ಟು ಎಂಬುದನ್ನು ವಿಂಗಡಿಸದೆ ಬೀಗುವುದು 2019ರ ತಪ್ಪನ್ನೇ ಮರಳಿ ಮಾಡಿದಂತೆ. ಶಿಗ್ಗಾವಿಯ ಜಯವು ಇದಕ್ಕಿಂತ ಗಟ್ಟಿಯಾದುದೆಂದು ನಮಗೆ ತೋರುತ್ತದೆ. 2008ರಿಂದ ನಾಲ್ಕು ಸಲ ಬೊಮ್ಮಾಯಿಯವರನ್ನು ಆರಿಸಿದ ಕ್ಷೇತ್ರವು ಅವರ ಪುತ್ರನನ್ನು ಒಪ್ಪಲಿಲ್ಲ. ಆದರೂ ಅಲ್ಲಿ ಸೋತದ್ದು ಪಕ್ಷವೋ ಮನೆತನದ ಹಕ್ಕೋ ಎಂಬುದನ್ನು ಆ ಪಕ್ಷದವರೇ ಯೋಚಿಸಬೇಕು.

ಕಾಂಗ್ರೆಸ್ಸಿನವರು ಕುಳಿತು ಲೆಕ್ಕ ಹಾಕಬೇಕಾದದ್ದು ಸಂಡೂರಿನಲ್ಲಿ. ಅದು ಅವರ ಹಳೆಯ ಭದ್ರಕೋಟೆ. 2023ರಲ್ಲಿ ಶ್ರೀ ತುಕಾರಾಮರು ಅಲ್ಲಿ ಸುಮಾರು 35 ಸಾವಿರ ಮತಗಳಿಂದ ಮುಂದಿದ್ದರು. 2024ರಲ್ಲಿ ಅವರ ಪತ್ನಿ ಶ್ರೀಮತಿ ಅನ್ನಪೂರ್ಣಾ ಅವರಿಗೆ ದೊರೆತ ಅಂತರ 10 ಸಾವಿರವನ್ನೂ ಮುಟ್ಟಲಿಲ್ಲ. ಕಾರಣ ಗೂಢವಾದುದೇನಲ್ಲ. ಮೊದಲ ಸಲ ಶ್ರೀ ಜನಾರ್ದನ ರೆಡ್ಡಿಯವರ ಪಕ್ಷವು ಬೇರೆಯಾಗಿ ನಿಂತು ವಿರೋಧದ ಮತಗಳನ್ನು ಸೀಳಿತ್ತು; 2024ರ ಮಾರ್ಚಿನಲ್ಲಿ ಆ ಪಕ್ಷವು ಭಾರತೀಯ ಜನತಾ ಪಕ್ಷದಲ್ಲಿ ಲೀನವಾಯಿತು. ಸರಕಾರ ಕೈಯಲ್ಲಿದ್ದೂ, ಮಂತ್ರಿಗಳು ಬೀಡುಬಿಟ್ಟಿದ್ದೂ, ಎದುರಾಳಿಗಳು ಒಟ್ಟಾದೊಡನೆ ಕೋಟೆಯ ಗೋಡೆ ಇಷ್ಟು ತೆಳ್ಳಗಾಯಿತು. 2023ರ 135 ಸ್ಥಾನಗಳಲ್ಲಿ ವಿರೋಧದ ಮತ ಹರಿದು ಹಂಚಿಹೋದುದರಿಂದ ಬಂದವುಗಳೆಷ್ಟು ಎಂಬುದನ್ನು ಪ್ರದೇಶ ಕಾಂಗ್ರೆಸ್ಸಿನ ಕಚೇರಿಯಲ್ಲಿ ಯಾರಾದರೂ ಮತಗಟ್ಟೆ ಮತಗಟ್ಟೆಯಾಗಿ ಎಣಿಸಿ ನೋಡಬೇಕು. ಭಾರತೀಯ ಜನತಾ ಪಕ್ಷವೂ ದಳವೂ ಜೊತೆಗೂಡಿ 2028ರ ಕಣಕ್ಕೆ ಇಳಿದರೆ ಅವುಗಳಲ್ಲಿ ಎಷ್ಟು ಉಳಿದಾವೆಂಬುದು ಚನ್ನಪಟ್ಟಣದ ಮೆರವಣಿಗೆಯಿಂದ ತಿಳಿಯುವ ಸಂಗತಿಯಲ್ಲ.